ಸಕ್ಕರೆಯೆಲ್ಲ ಒಂದೇ ಅಲ್ಲ

ಇವತ್ತು ಬೆಳಿಗ್ಗೆ ನೋಡಿದ ಒಂದು ವಿಡಿಯೋದಿಂದ ಮನಸ್ಸು ಇನ್ನೂ ಕುದಿಯುತ್ತಿದೆ. ಬಿಳಿ ಕೋಟು ತೊಟ್ಟವರೊಬ್ಬರು, "ಪಿಷ್ಟವಾಗಲಿ, ಸಕ್ಕರೆಯಾಗಲಿ, ಹಣ್ಣಿನ ರಸವಾಗಲಿ, ಹೊಟ್ಟೆಗೆ ಹೋದ ಮೇಲೆ ಎಲ್ಲವೂ ಗ್ಲೂಕೋಸೇ" ಎಂದು ಖಡಾಖಂಡಿತವಾಗಿ ಹೇಳುತ್ತಿದ್ದರು. ಇಷ್ಟು ವರ್ಷ ಜೀವರಸಾಯನಶಾಸ್ತ್ರ ಪಾಠ ಮಾಡಿದ ನನಗೆ ಇದನ್ನು ಕೇಳಿ ಸುಮ್ಮನಿರಲು ಆಗುತ್ತಿಲ್ಲ.

ಪಿಷ್ಟ ಒಡೆದರೆ ಸಿಗುವುದು ಗ್ಲೂಕೋಸ್ ಮಾತ್ರ; ಯಕೃತ್ತು ಅದರಲ್ಲಿ ಒಂದು ಪಾಲನ್ನು ಹಿಡಿದಿಟ್ಟುಕೊಂಡು ಉಳಿದದ್ದನ್ನು ಮಿದುಳಿಗೂ ಸ್ನಾಯುಗಳಿಗೂ ಬಿಟ್ಟುಕೊಡುತ್ತದೆ. ಸಕ್ಕರೆಯಲ್ಲಿ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಈ ಫ್ರಕ್ಟೋಸ್ ಸ್ವಲ್ಪ ಕರುಳಿನಲ್ಲೇ ಮಾರ್ಪಟ್ಟರೂ ಬಹುಪಾಲು ಯಕೃತ್ತಿನ ಮೇಲೆಯೇ ಬೀಳುತ್ತದೆ, ಅದೂ ಗ್ಲೂಕೋಸ್ ದಾಟಬೇಕಾದ ಮುಖ್ಯ ತಡೆಯೊಂದನ್ನು ತಪ್ಪಿಸಿಕೊಂಡು ಒಳನುಗ್ಗುತ್ತದೆ. ಇನ್ನು ಹಾಲಿನ ಸಕ್ಕರೆಯ ಅರ್ಧ ಗ್ಯಾಲಕ್ಟೋಸ್. ಅದು ಗ್ಲೂಕೋಸ್ ಆಗುವ ದಾರಿಯನ್ನು ಬಿಡಿಸಿದ ಲೂಯಿಸ್ ಲೆಲೋಯಿರ್ ಅವರಿಗೆ 1970ರಲ್ಲಿ ನೊಬೆಲ್ ಬಂತು. ಅಷ್ಟು ದೊಡ್ಡ ದಾರಿಯನ್ನು "ಎಲ್ಲವೂ ಒಂದೇ" ಎಂದು ಅಳಿಸಿಹಾಕುವುದೇ?

ಫ್ರಕ್ಟೋಸ್ ಕೊನೆಗೆ ಗ್ಲೂಕೋಸ್ ಆಗುತ್ತದಲ್ಲ ಎಂದು ಕೆಲವರು ವಾದಿಸಬಹುದು. ಒಂದು ಪಾಲು ಆಗುತ್ತದೆ, ನಿಜ, ಆದರೆ ಆ ದುಡಿಮೆ ಬಹುಮಟ್ಟಿಗೆ ಯಕೃತ್ತಿನದೇ. ಅಲ್ಲಿರುವ ಗ್ಲೈಕೋಜನ್ (ದೇಹ ಗ್ಲೂಕೋಸನ್ನು ಕೂಡಿಡುವ ರೂಪ) ಉಗ್ರಾಣ ಸುಮಾರು 100 ಗ್ರಾಂನಷ್ಟು ಚಿಕ್ಕದು. ಸ್ನಾಯುಗಳಲ್ಲಿ ಸುಮಾರು 400 ಗ್ರಾಂ ಇದ್ದರೂ ಅವು ಅದನ್ನು ಗ್ಲೂಕೋಸ್ ಆಗಿ ರಕ್ತಕ್ಕೆ ಮರಳಿಸಲಾರವು; ರಾತ್ರಿಯ ಉಪವಾಸದಲ್ಲಿ ಮಿದುಳನ್ನು ಕಾಯುವುದು ಯಕೃತ್ತೇ. ಗಂಟೆಗಟ್ಟಲೆ ಓಡಿ ಯಕೃತ್ತಿನ ಆ ಉಗ್ರಾಣ ಬರಿದಾದವರಿಗೆ ಬರೀ ಗ್ಲೂಕೋಸ್‌ಗಿಂತ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎರಡೂ ಸೇರಿದ ಪಾನೀಯ ಅದನ್ನು ಬೇಗ ತುಂಬಿಸುತ್ತದೆ. ಉಗ್ರಾಣ ಆಗಲೇ ತುಂಬಿರುವಾಗ ಅದೇ ಫ್ರಕ್ಟೋಸ್ ದಿನವೂ ಅತಿಯಾಗಿ ಬಂದರೆ, ಯಕೃತ್ತು ಅದರಿಂದ ಕೊಬ್ಬು ಕಟ್ಟತೊಡಗುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ನಾನು ತಪ್ಪಿದ್ದೇನೆ. ಅಪ್ಪ ಸಕ್ಕರೆ ಬಿಟ್ಟಾಗ ಇದೇ ಫ್ರಕ್ಟೋಸ್ ಇರುವ ಹಣ್ಣಿನ ರಸವನ್ನು ದಿನಕ್ಕೆರಡು ಲೋಟ ನಾನೇ ಹಿಂಡಿ ಕೊಡುತ್ತಿದ್ದೆ. ಒಂದು ಲೋಟಕ್ಕೆ ನಾಲ್ಕು ಹಣ್ಣು. ನಾರೆಲ್ಲ ಜರಡಿಯಲ್ಲಿ ಉಳಿಯುತ್ತಿತ್ತು, ಅದನ್ನು ಬಿಸಾಡುತ್ತಿದ್ದೆ. ನಾಲ್ಕು ಹಣ್ಣನ್ನು ಅಗಿದು ತಿನ್ನಲು ಅವರಿಗೆ ಆಗುತ್ತಲೇ ಇರಲಿಲ್ಲ, ಕುಡಿಯಲು ಒಂದು ನಿಮಿಷ ಸಾಕಾಗುತ್ತಿತ್ತು. ಹೆಂಡದ ಹನಿ ಮುಟ್ಟದ ಅವರಿಗೆ ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಕಂಡಿತು. ರಸವೊಂದೇ ಕಾರಣವೆಂದು ಹೇಳಲಾರೆ, ಆದರೆ ಆ ಲೋಟ ಹಿಡಿದು ನಿಂತಿದ್ದವಳು ನಾನು ಎಂಬುದನ್ನು ಮರೆಯಲು ಆಗುವುದಿಲ್ಲ.

ಆ ವಿಡಿಯೋದ ಕೆಳಗೆ ಇದನ್ನೆಲ್ಲ ಬರೆದಿದ್ದೇನೆ. ಅವರು ಮಾತು ತಿದ್ದಿಕೊಳ್ಳುವವರೆಗೂ ಬರೆಯುತ್ತಲೇ ಇರುತ್ತೇನೆ.