ಎಲೆ ಯಾವುದಾದರೇನು, ಫರ್ನೇಸ್ ಒಂದೇ

ಮೊದಲು ಎಲೆ ಆರಿಸಬೇಕು. ಸಸ್ಯರಸದಿಂದ ನ್ಯಾನೋಕಣ (ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿಗಿಂತ ಸಣ್ಣ ಕಣ) ಮಾಡುವ, ‘ಹಸಿರು’ ಎನಿಸಿಕೊಂಡ ವಿದ್ಯೆಯಲ್ಲಿ ಬುದ್ಧಿ ಖರ್ಚಾಗುವ ಘಟ್ಟ ಇದೊಂದೇ. ಎಲೆಯ ರಸದಲ್ಲಿ ಏನಿದೆ ಎಂದು ಯಾರೂ ಕೇಳುವುದಿಲ್ಲ. ಆ ಗಿಡದ ಲ್ಯಾಟಿನ್ ಹೆಸರಿನ ಪಕ್ಕ ‘ಜಿಂಕ್ ಆಕ್ಸೈಡ್ ನ್ಯಾನೋಕಣ’ ಎಂದು ಸಂಶೋಧನಾ ಪ್ರಬಂಧದಲ್ಲಿ ಇನ್ನೂ ಯಾರೂ ಬರೆದಿರಬಾರದು, ಅಷ್ಟೆ. ಬೇವು, ತುಳಸಿ, ಲೋಳೆಸರ ಎಂದೋ ಮುಗಿದವು. ಎಲೆ ಮುಗಿದರೆ ತೊಗಟೆ, ತೊಗಟೆ ಮುಗಿದರೆ ಬೇರು, ಅದೂ ಆಗಿದ್ದರೆ ಹಣ್ಣಿನ ಸಿಪ್ಪೆ. ಹೂ ಬಿಡುವ ಸಸ್ಯಗಳೇ ಮೂರು ಲಕ್ಷ ಪ್ರಭೇದಗಳಷ್ಟಿರುವಾಗ ಈ ಕ್ಷೇತ್ರಕ್ಕೆ ಸದ್ಯಕ್ಕಂತೂ ಬರಗಾಲವಿಲ್ಲ.

ಮುಂದಿನದು ಬರೀ ಕೈಕೆಲಸ. 10 ಗ್ರಾಂ ಎಲೆಯನ್ನು ತೊಳೆದು ಹೆಚ್ಚಿ, 100 ಮಿ.ಲೀ. ಡಿಸ್ಟಿಲ್ಡ್ ನೀರಿನಲ್ಲಿ 80 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ, ವಾಟ್‌ಮನ್ ನಂಬರ್ 1 ಕಾಗದದಲ್ಲಿ ಸೋಸಿ. ಇನ್ನೊಂದು ಬೀಕರಿನಲ್ಲಿ 0.1 ಮೋಲಾರ್ ಜಿಂಕ್ ನೈಟ್ರೇಟ್ 100 ಮಿ.ಲೀ., ಅಂದರೆ ಅದರ ಹರಳು (ಹೆಕ್ಸಾಹೈಡ್ರೇಟ್) 2.97 ಗ್ರಾಂ. ಇದಕ್ಕೆ 20 ಮಿ.ಲೀ. ರಸ ಸುರಿದು ಕಲಕಿ. ಸಾಮಾನ್ಯವಾಗಿ ಹೇಳಿಕೊಳ್ಳುವಂಥದ್ದೇನೂ ಆಗುವುದಿಲ್ಲ. ಎಲೆಯಲ್ಲಿ ಟ್ಯಾನಿನ್ (ಒಗರು ಕೊಡುವ ವಸ್ತು) ಹೆಚ್ಚಿದ್ದರೆ ಸ್ವಲ್ಪ ಮಬ್ಬಾದೀತು. ಮುಂದೆ 2 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರವನ್ನು ಹನಿಹನಿಯಾಗಿ ಬಿಟ್ಟು ಪಿಎಚ್ 12ಕ್ಕೆ ತರಬೇಕು. ಬಿಳಿ ಗಸಿ ತಾನೇ ಇಳಿಯುತ್ತದೆ. ಇದು ಎಲೆಯ ಮಹಿಮೆ ಎಂದು ಬರೆದುಕೊಳ್ಳಿ. ತನ್ನ ಕೋಳಿ ಕೂಗಿದರೇ ಊರಿಗೆ ಬೆಳಗು ಎಂದಿದ್ದ ಅಜ್ಜಿಗೂ ಇಷ್ಟು ಧೈರ್ಯ ಇರಲಿಲ್ಲ. ಕೈ ಜಾರಿ ಕ್ಷಾರ ವಿಪರೀತ ಬಿದ್ದರೆ ಗಸಿ ಜಿಂಕೇಟ್ ಆಗಿ ಮತ್ತೆ ಕರಗಿ ಇಳುವರಿ ಕುಸಿಯುತ್ತದೆ. ಆಗ ಮಾತ್ರ ತಪ್ಪು ಕ್ಷಾರದ್ದು.

ಈ ಅಳತೆಗೆ 0.81 ಗ್ರಾಂಗಿಂತ ಹೆಚ್ಚು ಜಿಂಕ್ ಆಕ್ಸೈಡ್ ಸಿಗಲು ಸಾಧ್ಯವೇ ಇಲ್ಲ. ಸುಟ್ಟ ಮೇಲೂ ಒಂದು ಗ್ರಾಂ ತೂಗಿದರೆ ಸರಿಯಾಗಿ ತೊಳೆಯದ ಸೋಡಿಯಂ ಲವಣವೂ ಎಲೆಯ ಬೂದಿಯೂ ಸೇರಿವೆ ಎಂದರ್ಥ. ಪ್ರಬಂಧದಲ್ಲಿ ಇದಕ್ಕೆ ‘ಅತ್ಯುತ್ತಮ ಇಳುವರಿ’ ಎನ್ನುತ್ತಾರೆ.

ಪ್ರತಿ ಪ್ರಬಂಧದಲ್ಲೂ ಒಂದು ಬಣ್ಣದ ಚಿತ್ರ ಇರಲೇಬೇಕು: ಎಡಗಡೆ ಎಲೆ, ನಡುವೆ ಫ್ಲೇವನಾಯ್ಡ್ (ಎಲೆಯಲ್ಲಿರುವ ಒಂದು ಬಗೆಯ ಸಾವಯವ ವಸ್ತು), ಬಲಗಡೆ ದುಂಡನೆಯ ಕಣ, ಬಾಣದ ಮೇಲೆ ‘ಅಪಕರ್ಷಣೆ’ (ರಿಡಕ್ಷನ್), ಅಂದರೆ ಎಲೆಕ್ಟ್ರಾನ್ ಕೊಟ್ಟು ಅಯಾನಿನ ಧನ ವಿದ್ಯುದಂಶ ಇಳಿಸುವುದು. ನೈಟ್ರೇಟಿನಲ್ಲಿ ಜಿಂಕ್ +2. ಆಕ್ಸೈಡಿನಲ್ಲೂ ಜಿಂಕ್ +2. ಅಪಕರ್ಷಣೆ ಆಗಿದ್ದು ಯಾರಿಗೆ? ಈ ವಾಕ್ಯ ಬೆಳ್ಳಿ ನ್ಯಾನೋಕಣಗಳ ಪ್ರಬಂಧದಿಂದ ಬಂದ ಬಳುವಳಿ. ಬೆಳ್ಳಿಯ ಅಯಾನಿನ ವಿಭವ (ಎಲೆಕ್ಟ್ರಾನ್ ಪಡೆಯುವ ಒಲವಿನ ಅಳತೆ) +0.80 ವೋಲ್ಟ್, ಎಲೆಯ ಪಾಲಿಫಿನಾಲ್ (ಫ್ಲೇವನಾಯ್ಡ್, ಟ್ಯಾನಿನ್‌ಗಳ ಕುಟುಂಬ) ಅದನ್ನು ಲೋಹವಾಗಿಸಬಲ್ಲದು. ಜಿಂಕಿನದು −0.76. ಒಂದು ಲೋಟ ಕಷಾಯ ಅದನ್ನು ಅಪಕರ್ಷಿಸಿದ್ದರೆ ಸುದ್ದಿ ನ್ಯಾನೋಕಣದ್ದಲ್ಲ, ಕಷಾಯದ್ದೇ ಆಗುತ್ತಿತ್ತು. ಬಳುವಳಿಯ ಜತೆಗೆ ‘ಸರ್ಫೇಸ್ ಪ್ಲಾಸ್ಮಾನ್’ (ಬೆಳಕು ತಗುಲಿ ಲೋಹದ ಮೇಲ್ಮೈಯ ಎಲೆಕ್ಟ್ರಾನುಗಳು ಒಟ್ಟಾಗಿ ಓಲಾಡುವುದು) ಕೂಡ ಬಂದಿದೆ. 370 ನ್ಯಾನೋಮೀಟರಿನ ಹತ್ತಿರ ಜಿಂಕ್ ಆಕ್ಸೈಡ್ ಬೆಳಕು ಹೀರುವುದು ಅದರ ಬ್ಯಾಂಡ್ ಅಂತರದಿಂದ, ಅಂದರೆ ಎಲೆಕ್ಟ್ರಾನ್ ಮೇಲಿನ ಶಕ್ತಿಪಟ್ಟಿಗೆ ಜಿಗಿಯಬೇಕಾದ ಅಂತರದಿಂದ. ಪ್ಲಾಸ್ಮಾನಿಗೆ ಅಲ್ಲಿ ಕೆಲಸವಿಲ್ಲ.

ಇನ್ನು ಹಸಿರಿನ ಅತ್ಯುನ್ನತ ಘಟ್ಟ, ಗಸಿಯನ್ನು 500 ಡಿಗ್ರಿಯ ಮಫಲ್ ಫರ್ನೇಸ್ ಎಂಬ ಮುಚ್ಚಿದ ಕುಲುಮೆಯಲ್ಲಿ ಎರಡು ಗಂಟೆ ಸುಡುವುದು. ಕ್ಷಾರದ ಗೊಡವೆ ಬೇಡವೆನ್ನುವವರು ಇಡೀ ದ್ರಾವಣವನ್ನೇ ಅಂಟಾಗುವವರೆಗೆ ಕುದಿಸಿ ಇಲ್ಲಿಗೆ ತರುತ್ತಾರೆ. ಆಗ ನೈಟ್ರೇಟು ಆಕ್ಸಿಡೈಸರ್, ಎಲೆಯ ಸಕ್ಕರೆ ಇಂಧನ, ಮೇಲೇಳುವ ಕಂದು ಹೊಗೆ ನೈಟ್ರೋಜನ್ ಡೈಆಕ್ಸೈಡ್ ಎಂಬ ವಿಷಾನಿಲ. ಹೊಗೆ ಹೀರಿ ಹೊರಹಾಕುವ ಫ್ಯೂಮ್ ಹುಡ್ ಒಳಗೇ ಮಾಡಿ. ಪರಿಸರಸ್ನೇಹಿ ವಿಧಾನ ಎಂದು ಬರೆಯಲು ಲೇಖಕರು ಉಳಿದಿರಬೇಕಲ್ಲ.

500 ಡಿಗ್ರಿ ದಾಟಿ ಬಂದ ಪುಡಿಯ ಮೇಲೆ ಫ್ಲೇವನಾಯ್ಡುಗಳು ಇನ್ನೂ ಹೊದಿಕೆಯಾಗಿ ಕುಳಿತಿವೆ ಎಂಬುದಕ್ಕೆ ಸಾಕ್ಷಿ ಎಫ್‌ಟಿಐಆರ್‌ನಲ್ಲಿ (ಅವಕೆಂಪು ಬೆಳಕು ಹಾಯಿಸಿ ರಾಸಾಯನಿಕ ಬಂಧ ಗುರುತಿಸುವ ಪರೀಕ್ಷೆ) 3400 ಮತ್ತು 1630ರ ಪಟ್ಟಿಗಳು. ಇವು ಪುಡಿಯೂ ಪರೀಕ್ಷೆಗೆ ಅದರೊಡನೆ ಬೆರೆಸುವ ಪೊಟ್ಯಾಸಿಯಂ ಬ್ರೋಮೈಡೂ ಗಾಳಿಯಿಂದ ಹೀರಿದ ತೇವದಿಂದಲೂ ಬರುತ್ತವೆ ಎಂದು ಹೇಳಿ ಖುಷಿ ಕೆಡಿಸಬಾರದು. ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ಕಿರಣ ಚದುರುವ ಕೋನಗಳಿಂದ ಹರಳಿನ ರಚನೆ ತಿಳಿಯುವ ಪರೀಕ್ಷೆ) 29.4 ಡಿಗ್ರಿಗೆ ಹೆಚ್ಚುವರಿ ಶಿಖರ ಬಂದರೆ ಮೊದಲು ಎಲೆಯ ಕ್ಯಾಲ್ಸಿಯಂ ಕಾರ್ಬೊನೇಟಾಗಿ ಉಳಿದಿದೆಯೇ ನೋಡಬೇಕು. ‘ಜೈವಿಕ ಹಂತದ ಹರಳು’ ಎಂದರೂ ನಡೆಯುತ್ತದೆ.

ಗಾತ್ರಕ್ಕೆ ಶೆರರ್ ಸೂತ್ರ: ಎಕ್ಸ್‌ಆರ್‌ಡಿಯ ಶಿಖರ ಅಗಲವಾದಷ್ಟೂ ಹರಳು ಸಣ್ಣದು. 36.25 ಡಿಗ್ರಿಯ ಶಿಖರದ ಅಗಲ 0.35 ಡಿಗ್ರಿ ಇದ್ದರೆ ಸುಮಾರು 24 ನ್ಯಾನೋಮೀಟರ್ ಬರುತ್ತದೆ. ಅಗಲವನ್ನು ರೇಡಿಯನ್ನಿಗೆ ಬದಲಿಸುವುದು ಮರೆತರೆ 0.42. ಜಿಂಕ್ ಆಕ್ಸೈಡಿನ ಯೂನಿಟ್ ಸೆಲ್‌ನ (ಹರಳಿನಲ್ಲಿ ಮತ್ತೆ ಮತ್ತೆ ಬರುವ ಅತಿ ಸಣ್ಣ ಘಟಕ) ಎತ್ತರವೇ 0.52! ಉಪಕರಣದ್ದೇ ಆದ ಅಗಲವನ್ನು ಕಳೆಯುವ ಕಷ್ಟ ಬೇಡ. ಸೂತ್ರ ಕೊಡುವುದು ಹರಳಿನ ಗಾತ್ರವನ್ನು, ಕಣದ್ದನ್ನಲ್ಲ ಎಂಬುದೂ ಬೇಡ. ಎಸ್‌ಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಚಿತ್ರದಲ್ಲಿ 300 ನ್ಯಾನೋಮೀಟರಿನ ಉಂಡೆಗಳು ಕಂಡರೆ ‘ಸ್ವಲ್ಪ ಒಟ್ಟುಗೂಡಿವೆ’ ಎಂದು ಬರೆದು ಮುಂದೆ ಸಾಗಿ.

ಕೊನೆಗೆ ಬ್ಯಾಕ್ಟೀರಿಯಾ ಸಾಯಬೇಕು. ಮಿಲಿಲೀಟರಿಗೆ 10 ಮಿಲಿಗ್ರಾಂ ಪುಡಿ ಇರುವ ನೀರನ್ನು ಬ್ಯಾಕ್ಟೀರಿಯಾ ಬೆಳೆಸುವ ಅಗರ್ ತಟ್ಟೆಯ ಕುಳಿಗೆ 100 ಮೈಕ್ರೋಲೀಟರ್ ಬಿಟ್ಟರೆ 1000 ಮೈಕ್ರೋಗ್ರಾಂ ಬಿತ್ತು. ಹೋಲಿಕೆಗೆ ಸಿಪ್ರೋಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್‌ನ ಬಿಲ್ಲೆ, 5 ಮೈಕ್ರೋಗ್ರಾಂನದು. ಇನ್ನೂರು ಪಟ್ಟು ಹೆಚ್ಚು ಸುರಿದೂ ಬ್ಯಾಕ್ಟೀರಿಯಾ ಬೆಳೆಯದ ವರ್ತುಲ ಚಿಕ್ಕದೇ ಬಂದರೆ ತೀರ್ಮಾನ: ‘ಆ್ಯಂಟಿಬಯಾಟಿಕ್‌ಗೆ ಭರವಸೆಯ ಪರ್ಯಾಯ’. ಕರಗಿದ ಜಿಂಕ್ ಅಯಾನೇ ಕೊಂದಿರಬಹುದೇ ಎಂದು ತಿಳಿಯಲು ಕರಗಿದಷ್ಟೇ ಜಿಂಕ್ ಇರುವ ನೈಟ್ರೇಟಿನ ಕುಳಿಯೊಂದು ಸಾಕಿತ್ತು. ತಟ್ಟೆಯಲ್ಲಿ ಜಾಗ ಇರಲಿಲ್ಲ.

ಎಲೆಯಿಲ್ಲದ ಬೀಕರು ಒಂದಿದ್ದರೆ ಇದೆಲ್ಲ ಇತ್ಯರ್ಥವಾಗುತ್ತಿತ್ತು: ಅದೇ ನೈಟ್ರೇಟು, ಅದೇ ಪಿಎಚ್, ಅದೇ ಫರ್ನೇಸು, ರಸದ ಬದಲು 20 ಮಿ.ಲೀ. ನೀರು. ಎಲೆ ಸುಮ್ಮನಿರುತ್ತದೆ ಎಂದೇನೂ ಅಲ್ಲ. ಪಾಲಿಫಿನಾಲ್‌ಗಳು ಜಿಂಕನ್ನು ಹಿಡಿದಿಟ್ಟು ಹರಳಿನ ಬೆಳವಣಿಗೆಯನ್ನು ಬದಲಿಸಬಲ್ಲವು, ಮುಖ್ಯವಾಗಿ ಸುಡುವ ಮೊದಲು. ಎಷ್ಟು ಬದಲಿಸುತ್ತವೆ ಎಂದು ತಿಳಿಯಲು ರಸವನ್ನು 0, 5, 10, 20 ಮಿ.ಲೀ. ಎಂದು ಏರಿಸಿ ನೋಡಬೇಕು, ದ್ರಾವಣದ ಒಟ್ಟು ಗಾತ್ರ ಒಂದೇ ಇರಬೇಕು. ಆದರೆ ಆ ಸೊನ್ನೆಯ ಬೀಕರಿನಲ್ಲೂ 24 ನ್ಯಾನೋಮೀಟರೇ ಬಂದುಬಿಟ್ಟರೆ ಶೀರ್ಷಿಕೆಯಲ್ಲಿ ಲ್ಯಾಟಿನ್ ಹೆಸರು ಎಲ್ಲಿ ಕೂರಬೇಕು?

ಪರಾಮರ್ಶಕರು ಇದನ್ನು ಕೇಳಿಯಾರು ಎಂಬ ಭಯ ಬೇಡ. ಅವರು ಕೇಳುವುದು ಉಲ್ಲೇಖಪಟ್ಟಿಗೆ ಇನ್ನೂ ಐದು ಪ್ರಬಂಧ ಸೇರಿಸಿ ಎಂದು. ಐದೂ ಅವರವೇ, ಎಲೆ ಮಾತ್ರ ಬೇರೆ ಬೇರೆ.