ಆ ಹುಡುಗಿಯ ಹೆಸರಿಗೆ ಫಾರಂನಲ್ಲಿ ಜಾಗವೇ ಇಲ್ಲ

ಅಮ್ಮನನ್ನು ಇವತ್ತು ಡಿಸ್ಚಾರ್ಜ್ ಮಾಡಿಸಿಕೊಂಡು ಬಂದೆ. ಆರಾಮಾಗಿದ್ದಾರೆ. ಆದರೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಬೆಳಿಗ್ಗೆ ಪಕ್ಕದ ಬೆಡ್ಡಿನ ಅಜ್ಜನ ಮಗ, ಇನ್ನೂ ತರಬೇತಿಯಲ್ಲಿರುವ ಡಾಕ್ಟರ್, ಅಂದರೆ ಹೌಸ್ ಸರ್ಜನ್ ಹುಡುಗಿಯ ಮೇಲೆ ರೇಗಿದರು. "ನಿಮಗೆ ಕಲಿಯೋಕೆ ನಮ್ಮಪ್ಪನೇ ಬೇಕಿತ್ತಾ? ದೊಡ್ಡ ಡಾಕ್ಟ್ರನ್ನ ಕರೀರಿ!" ಅವಳು ದನಿ ಏರಿಸಲಿಲ್ಲ. "ಸರ್ ರೌಂಡ್ಸಿಗೆ ಬರ್ತಾರೆ, ಅಷ್ಟರಲ್ಲಿ ಬಿಪಿ ನೋಡಿಬಿಡ್ತೀನಿ" ಅಂದಳು. ಅಜ್ಜನ ತೋಳಿಗೆ ಪಟ್ಟಿ ಸುತ್ತುವಾಗ ಬೆರಳು ನಡುಗುತ್ತಿತ್ತು.

ನನಗೆ ಅಷ್ಟು ಚುಚ್ಚಿದ್ದಕ್ಕೆ ಕಾರಣ ಇದೆ. ಅಡ್ಮಿಟ್ ಮಾಡಿದ ರಾತ್ರಿ ನಾನೂ ಇದೇ ಹುಡುಗಿಗೆ ಇದೇ ಮಾತು ಹೇಳಿದ್ದೆ.

ಆಮೇಲೆ ಏನಾಯ್ತು ಗೊತ್ತಾ? ರಾತ್ರಿ ಎರಡು ಗಂಟೆಗೆ ಸ್ಟೂಲ್ ಎಳೆದುಕೊಂಡು ಅಮ್ಮನ ಪಕ್ಕ ಕೂತಳು. ಅಮ್ಮ ಎಲ್ಲೆಲ್ಲಿಂದಲೋ ಶುರು ಮಾಡಿದರು. ಅವಳು ಸುಮ್ನೆ ಕೇಳಿದಳು. ಮಾತಿನ ಮಧ್ಯೆ ಅಮ್ಮ, ತಲೆ ಸುತ್ತುತ್ತೆ ಅಂತ ಬಿಪಿ ಮಾತ್ರೆ ಅರ್ಧ ಮಾಡಿ ತಗೋತಿದ್ದೀನಿ ಅಂದರು. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ! ಅದು ಕೇಸ್ ಶೀಟಿಗೆ ಹೋಯ್ತು, ಬೆಳಿಗ್ಗೆ ದೊಡ್ಡ ಡಾಕ್ಟರು ಮಾತ್ರೆಯನ್ನೇ ಬದಲಾಯಿಸಿದರು. 1984ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಡಾಕ್ಟರು ಮತ್ತು ರೋಗಿಗಳ ಮಾತುಕತೆ ರೆಕಾರ್ಡ್ ಮಾಡಿ ನೋಡಿದ್ದರು. ರೋಗಿ ಬಾಯಿ ತೆರೆದು ಸರಾಸರಿ 18 ಸೆಕೆಂಡ್ ಆಗುವಷ್ಟರಲ್ಲಿ ಡಾಕ್ಟರು ಮಧ್ಯೆ ಬಾಯಿ ಹಾಕುತ್ತಿದ್ದರಂತೆ. ಅಂಥ 18 ಸೆಕೆಂಡಿನಲ್ಲಿ ನಮ್ಮಮ್ಮನ ಅರ್ಧ ಮಾತ್ರೆ ಹೊರಗೆ ಬರುತ್ತಿತ್ತಾ?

ಅನುಭವ ಇಲ್ವಲ್ಲ ಅಂತೀರಿ. ಹೌದು, ರಕ್ತ ತೆಗೆಯುವಾಗ ನರ ಸಿಗದೆ ಎರಡು ಸಲ ಚುಚ್ಚಿದಳು. ಮೂರನೇ ಸಲ ಚುಚ್ಚಲಿಲ್ಲ. "ಸಾರಿ ಅಮ್ಮ" ಅಂದು ಸೀನಿಯರನ್ನು ಕರೆತಂದಳು. ನನಗೆ ಅಷ್ಟು ಸಾಕು. ಇವತ್ತಿನ ದೊಡ್ಡ ಡಾಕ್ಟರೂ ಒಂದು ಕಾಲದಲ್ಲಿ ಯಾರದೋ ಅಮ್ಮನ ಕೈಗೆ ಎರಡು ಸಲ ಚುಚ್ಚಿದವರೇ ಅಲ್ವಾ? ಜೊತೆಗೆ ಈ ಮಕ್ಕಳ ನಿದ್ದೆಗೆಟ್ಟ ಕಣ್ಣು ನೋಡಿ. 2003ರಲ್ಲಿ ಅಮೆರಿಕದಲ್ಲಿ ತರಬೇತಿ ಡಾಕ್ಟರುಗಳ ದುಡಿಮೆಗೆ ಮಿತಿ ಹಾಕಿದರು, ವಾರಕ್ಕೆ 80 ಗಂಟೆ. ಮಿತಿಯೇ 80!

ಹೊರಡುವಾಗ ಒಂದು ಫಾರಂ ಕೊಟ್ಟರು. ಚಿಕಿತ್ಸೆ ತೃಪ್ತಿ ತಂದಿತೇ? ಬೆಡ್‌ಶೀಟಿಗೆ ಒಂದು ಕಾಲಂ, ಬಾತ್‌ರೂಮಿಗೆ ಒಂದು, ದೊಡ್ಡ ಡಾಕ್ಟರಿಗೆ ಒಂದು. ಸ್ಟೂಲ್ ಎಳೆದುಕೊಂಡು ಕೂತವಳಿಗೆ ಇಲ್ಲ. ಅಮ್ಮನಿಗೆ ತೃಪ್ತಿ ಕೊಟ್ಟದ್ದೇ ಅವಳು!

"ಆ ಮಗು ಹೆಸರು ಬರಿ" ಅಂದರು ಅಮ್ಮ. ನನಗೆ ಹೆಸರೇ ಗೊತ್ತಿರಲಿಲ್ಲ. ನಾಲ್ಕು ದಿನದಲ್ಲಿ ಒಂದು ಸಲವೂ ಕೇಳಿರಲಿಲ್ಲ. ಸಿಸ್ಟರ್ ಹತ್ತಿರ ಕೇಳಿಕೊಂಡು ಫಾರಂ ಹಿಂದೆ ಬರೆದೆ. ಅರ್ಧ ಮಾತ್ರೆಯ ವಿಷಯ ಬರೆದೆ, ಮೊದಲ ರಾತ್ರಿ ನಾನಾಡಿದ ಮಾತಿಗೆ ಕ್ಷಮೆ ಕೇಳಿದೆ. ಜಾಗ ಸಾಲದೆ ಇನ್ನೊಂದು ಹಾಳೆ ಇಸ್ಕೊಂಡೆ.