ಕೊಡಗು ಜಿಲ್ಲೆಯನ್ನು ಅನುಲಕ್ಷಿಸಿ: ಒಂದು ಅಧ್ಯಯನ

ಪಿಎಚ್‌ಡಿಗೆ ವಿಷಯ ಸಿಗಲಿಲ್ಲ ಅಂತ ತಲೆ ಕೆಡಿಸಿಕೊಂಡವರಿಗೆ ಒಂದು ಸುಲಭದ ದಾರಿ ಇದೆ. ಯಾವುದಾದರೂ ಎರಡು ಪದ ಹಿಡಿಯಿರಿ. ಜೇನು ಮತ್ತು ಜಾಗತೀಕರಣ. ಯುವಜನ ಮತ್ತು ವಾಟ್ಸಾಪ್. ಅದರ ಮುಂದೆ ‘ಸಮಸ್ಯೆಗಳು ಮತ್ತು ಸವಾಲುಗಳು’ ಅಂತ ಸೇರಿಸಿ. ಕೊನೆಗೆ ಬಾಲ: ‘ಕೊಡಗು ಜಿಲ್ಲೆಯನ್ನು ಅನುಲಕ್ಷಿಸಿ, ಒಂದು ಅಧ್ಯಯನ’. ಸಿನಾಪ್ಸಿಸ್ ರೆಡಿ. ಇದೇ ವಿಷಯ ಪಕ್ಕದ ಹಾಸನದಲ್ಲಿ ಆಗಿಹೋಗಿದ್ದರೂ ಚಿಂತೆ ಇಲ್ಲ. ಜಿಲ್ಲೆಯ ಹೆಸರು ಬದಲಾದರೆ ಜ್ಞಾನವೂ ಬದಲಾಯಿತು ಅಂತಲೇ ಲೆಕ್ಕ. ಕರ್ನಾಟಕದಲ್ಲಿ 31 ಜಿಲ್ಲೆ ಮಾಡಿದ್ದು ಆಡಳಿತದ ಅನುಕೂಲಕ್ಕೆ ಅಂತ ನಾವು ಸುಮ್ನೆ ನಂಬಿಕೊಂಡಿದ್ದೆವು. ಕೊಡಗಿನಲ್ಲಿ ಮೊದಲು ಮೂರೇ ತಾಲೂಕು ಇದ್ದವು. ಪೊನ್ನಂಪೇಟೆ, ಕುಶಾಲನಗರ ಸೇರಿ ಐದಾದವು. ಜನರಿಗೆ ಏನು ಲಾಭವಾಯಿತೋ, ಸಂಶೋಧನೆಗಂತೂ ಎರಡು ಹೊಸ ವಿಷಯ ಸಿಕ್ಕಿತು.

ಈ ಲೆಕ್ಕದಲ್ಲಿ ಕೊಡಗಿನವರು ಪುಣ್ಯವಂತರು. ಇತಿಹಾಸದವರಿಗೆ ಹಾಲೇರಿ ಅರಸರಿದ್ದಾರೆ. ಸಸ್ಯಶಾಸ್ತ್ರದವರಿಗೆ ಸಾವಿರಕ್ಕೂ ಮೀರಿ ದೇವರಕಾಡುಗಳಿವೆ. ಭಾಷೆಯವರಿಗೆ ಕೊಡವ ತಕ್ಕ್ ಇದೆ, ಅರೆಭಾಷೆ ಇದೆ, ಎರವರ ನುಡಿ ಇದೆ. ಸಮಾಜಶಾಸ್ತ್ರಕ್ಕೆ ಕೊಡವ ಕುಟುಂಬಗಳ ಮೂಲಮನೆಯಾದ ಐನ್‌ಮನೆಯೂ ಉಂಟು, ತೋಟದ ಕಾರ್ಮಿಕರು ಇರುವ ಲೈನ್‌ಮನೆಯೂ ಉಂಟು. ಭೂವಿಜ್ಞಾನಿಗಳಿಗೆ ಜಾರುವ ಗುಡ್ಡ, ಮನಃಶಾಸ್ತ್ರಕ್ಕೆ ಹಾಕಿ ಆಟಗಾರರು, ಎಂಬಿಎ ಹುಡುಗರಿಗೆ ಹೋಂಸ್ಟೇ. ಇವರೆಲ್ಲ ಬೇರೆ ಬೇರೆ ವಿಭಾಗದವರು, ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಆದರೆ ಬರುವುದು ಒಂದೇ ಗೇಟಿಗೆ. ಟಾರು ರಸ್ತೆಯ ಪಕ್ಕ ಯಾರ ಮನೆ ಇದೆಯೋ ಅವರ ಗೇಟಿಗೆ.

ನಮ್ಮ ಪಕ್ಕದ ತೋಟದ ಮಾವನ ಗೇಟು ಅಂಥದ್ದು. ಕಾಫಿ ಕುಯ್ಲಿನ ಸಮಯ. ಕಣದಲ್ಲಿ ಚೆರಿ ಹರವಿದೆ, ಅಕಾಲದಲ್ಲಿ ಮೋಡ ಕಟ್ಟಿದೆ, ಟಾರ್ಪಾಲು ಎಳೆಯಲು ಜನ ಇಲ್ಲ. ಆಗಲೇ ಬೈಕಿನಲ್ಲಿ ಒಬ್ಬ ಹುಡುಗ ಬಂದ. ‘ಐದೇ ನಿಮಿಷ ಅಂಕಲ್’ ಅಂದ. ಬ್ಯಾಗಿನಿಂದ ತೆಗೆದದ್ದು ಒಂದು ಸಣ್ಣ ಪುಸ್ತಕದಷ್ಟು ದಪ್ಪದ ಪ್ರಶ್ನಾವಳಿ. ಮಾವ ಟಾರ್ಪಾಲಿನ ಒಂದು ತುದಿ ಅವನ ಕೈಗೆ ಕೊಟ್ಟು ‘ಓದು’ ಅಂದರು.

‘ಕಾಡಾನೆ ಹಾವಳಿಯಿಂದ ತಮಗೆ ತೊಂದರೆಯಾಗಿದೆ ಎಂಬ ಹೇಳಿಕೆಯನ್ನು ತಾವು: ಸಂಪೂರ್ಣವಾಗಿ ಒಪ್ಪುತ್ತೀರಿ, ಒಪ್ಪುತ್ತೀರಿ, ತಟಸ್ಥ, ಒಪ್ಪುವುದಿಲ್ಲ, ಸ್ವಲ್ಪವೂ ಒಪ್ಪುವುದಿಲ್ಲ.’

ಮಾವ ಮಾತಾಡದೆ ಮನೆಯ ಹಿಂದಕ್ಕೆ ಕೈ ತೋರಿಸಿದರು. ರಾತ್ರಿ ಮುರಿದ ಬಾಳೆ, ಅಡ್ಡ ಬಿದ್ದ ಬೈನೆ ಮರ, ಇನ್ನೂ ಹಸಿಯಾಗಿದ್ದ ಲದ್ದಿ. ಹುಡುಗ ಹೋಗಿ ನೋಡಿ ಬಂದ.

‘ಅದೆಲ್ಲ ಸರಿ ಅಂಕಲ್. ಆದ್ರೆ ಅದಕ್ಕೆ ಕಾಲಂ ಇಲ್ಲ. ಟಿಕ್ ಮಾತ್ರ ಹಾಕ್ಬೇಕು.’

‘ಹಾಗಾದ್ರೆ ತಟಸ್ಥ ಅಂತ ಹಾಕು ಮಗ. ಆನೆ ಬಂದಾಗ ನಾನು ಬಾಗಿಲು ಹಾಕ್ಕೊಂಡು ತಟಸ್ಥನಾಗೇ ಇದ್ದೆ.’

ಹುಡುಗ ಟಿಕ್ ಹಾಕಿದ. ಆಮೇಲೆ ಮಾವ ಲದ್ದಿಯ ಪಕ್ಕ ಒದ್ದೆ ಮಣ್ಣಿನಲ್ಲಿ ಮೂಡಿದ್ದ ಮುಂಗಾಲಿನ ಗುರುತಿನ ಸುತ್ತ ಬಾಳೆನಾರು ಹಿಡಿದು ಅಳೆದರು. ಅದನ್ನು ಎರಡು ಪಟ್ಟು ಮಾಡಿ, ‘ಎಂಟು ಅಡಿ ಮೇಲೇ ಇದೆ, ಗಂಡೇ ಇರ್ಬೇಕು’ ಅಂದರು. ಮುಂಗಾಲಿನ ಸುತ್ತಳತೆಯ ಹೆಚ್ಚುಕಡಿಮೆ ಎರಡರಷ್ಟು ಆನೆಯ ಎತ್ತರ. ಮಾವುತರಿಗೂ ಫಾರೆಸ್ಟ್ ಗಾರ್ಡುಗಳಿಗೂ ಇದು ಗೊತ್ತಿರುವ ಲೆಕ್ಕ. ಇಡೀ ಬೆಳಗ್ಗೆ ಆ ಅಂಗಳದಲ್ಲಿ ನಡೆದ ನಿಜವಾದ ಸಂಶೋಧನೆ ಅದೊಂದೇ. ಹುಡುಗ ಅದನ್ನು ಬರೆದುಕೊಳ್ಳಲಿಲ್ಲ. ಪ್ರಶ್ನಾವಳಿಯಲ್ಲಿ ಬಾಳೆನಾರು ಇರಲಿಲ್ಲ.

ಈ ಲೆಕ್ಕವನ್ನು ಇನ್ನೂ ಮುಂದಕ್ಕೆ ಒಯ್ದವರು ಪಕ್ಕದ ಕೇರಳದಲ್ಲಿದ್ದರು. ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ಕೆ.ಪಿ. ಶ್ರೀಕುಮಾರ್ ಮತ್ತು ಜಿ. ನಿರ್ಮಲನ್. ಆನೆಯ ಎತ್ತರ ಮತ್ತು ಮುಂಗಾಲಿನ ಸುತ್ತಳತೆ ಇಷ್ಟು ಕೊಟ್ಟರೆ, ಇಡೀ ಆನೆಯ ಚರ್ಮ ಎಷ್ಟು ಚದರ ಮೀಟರ್ ಅಂತ ಹೇಳುವ ಸೂತ್ರವನ್ನು 1990ರಲ್ಲಿ ಪ್ರಕಟಿಸಿದರು. 2002ರಲ್ಲಿ ಅದಕ್ಕೆ ಗಣಿತದ ಇಗ್ನೊಬೆಲ್ ಬಹುಮಾನ ಬಂತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಅಮೆರಿಕದಲ್ಲಿ 1991ರಲ್ಲಿ ಶುರುವಾದ ಬಹುಮಾನ ಅದು. ಅದರ ಹಿಂದಿನ ವರ್ಷವೇ ಬೆಂಗಳೂರಿನ ನಿಮ್ಹಾನ್ಸ್‌ನ ಚಿತ್ತರಂಜನ್ ಅಂದ್ರಾದೆ ಮತ್ತು ಬಿ.ಎಸ್. ಶ್ರೀಹರಿ ಸಾರ್ವಜನಿಕ ಆರೋಗ್ಯದ ಇಗ್ನೊಬೆಲ್ ಪಡೆದಿದ್ದರು. ಅವರು ಶಾಲೆಯ 200 ಮಕ್ಕಳನ್ನು ಕೇಳಿ, ಹದಿಹರೆಯದವರಲ್ಲಿ ಮೂಗಿಗೆ ಬೆರಳು ಹಾಕುವುದು ಸರ್ವೇಸಾಮಾನ್ಯ ಅಂತ ತೋರಿಸಿದ್ದರು.

ಇಂಥದ್ದನ್ನು ಕೇಳಿದರೆ ಜನ ಬಿದ್ದು ಬಿದ್ದು ನಗುತ್ತಾರೆ. ‘ಇದಕ್ಕೆಲ್ಲ ಸರ್ಕಾರದ ದುಡ್ಡಾ?’ ಅಂತ ಕೇಳುತ್ತಾರೆ. ನಾನು ಮೂಗಿನ ಪಾರ್ಟಿ. ಆನೆಯ ಪಾರ್ಟಿಯೂ ಹೌದು. ಆನೆಯ ಮೈಬಿಸಿ ಹೊರಗೆ ಹೋಗುವುದು ಹೆಚ್ಚಾಗಿ ಆ ಚರ್ಮದಿಂದಲೇ. ಚಿಕಿತ್ಸೆ ಕೊಡುವ ಡಾಕ್ಟರಿಗೆ ಅದರ ಅಳತೆ ಬೇಕು. ಆನೆಯನ್ನು ಟೇಪು ಹಿಡಿದು ಸುತ್ತಲು ಆಗುತ್ತಾ? ಎಲ್ಲಕ್ಕಿಂತ ಮುಖ್ಯ, ಈ ನಾಲ್ವರಿಗೂ ಕೇಳುವ ಮೊದಲು ಉತ್ತರ ಗೊತ್ತಿರಲಿಲ್ಲ. ಆಂಡ್ರೆ ಗೈಮ್ ಅನ್ನುವ ವಿಜ್ಞಾನಿ ಅಯಸ್ಕಾಂತದ ಬಲದಿಂದ ಕಪ್ಪೆಯನ್ನು ಗಾಳಿಯಲ್ಲಿ ತೇಲಿಸಿ 2000ದಲ್ಲಿ ಇಗ್ನೊಬೆಲ್ ಪಡೆದ. ಅದೇ ಮನುಷ್ಯ 2010ರಲ್ಲಿ ಗ್ರಾಫೀನ್ ಅನ್ನುವ ಅತಿ ತೆಳು ಇಂಗಾಲದ ಹಾಳೆಗಾಗಿ ನಿಜವಾದ ನೊಬೆಲ್ಲನ್ನೂ ಪಡೆದ. ಕಪ್ಪೆ ತೇಲಿಸುವ ತಲೆ ಎಲ್ಲಿಗೆ ತಲುಪುತ್ತದೆ ಅಂತ ಹೇಳುವುದು ಕಷ್ಟ.

‘ಕೊಡಗಿನ ಪ್ರವಾಸೋದ್ಯಮ: ಸಮಸ್ಯೆಗಳು ಮತ್ತು ಸವಾಲುಗಳು’ ಎಲ್ಲಿಗೆ ತಲುಪುತ್ತದೆ ಅಂತ ಹೇಳುವುದು ಮಾತ್ರ ಬಹಳ ಸುಲಭ. ಮುನ್ನೂರು ಪುಟ ದಾಟಿದ ಮೇಲೆ ಬರುವುದು ಇಷ್ಟೇ. ಸರ್ಕಾರ ಸೂಕ್ತ ಕ್ರಮ ಕೈಗೊಳ್ಳಬೇಕು. ಜನರಲ್ಲಿ ಜಾಗೃತಿ ಮೂಡಬೇಕು. ಈ ಕ್ಷೇತ್ರದಲ್ಲಿ ಇನ್ನೂ ಹೆಚ್ಚಿನ ಸಂಶೋಧನೆ ಆಗಬೇಕು. ಇದಕ್ಕೆ ಯಾರೂ ನಗುವುದಿಲ್ಲ. ಶಾಲು ಹೊದಿಸುತ್ತಾರೆ.

ಇನ್ನು ಮೂಲ ಹುಡುಕುವವರ ಪಂಗಡ ಬೇರೆಯೇ ಇದೆ. ಕೊಡವರು ಎಲ್ಲಿಂದ ಬಂದರು ಅನ್ನುವ ಪ್ರಶ್ನೆಗೆ ಅವರ ಹತ್ತಿರ ಉತ್ತರಗಳು ಯಾವಾಗಲೂ ಸ್ಟಾಕ್ ಇರುತ್ತವೆ. ಅದರಲ್ಲಿ ಅಲೆಕ್ಸಾಂಡರನ ಸೈನಿಕರ ಕಥೆಗೆ ಆಯುಷ್ಯ ಜಾಸ್ತಿ. ಕ್ರಿ.ಪೂ. 326ರಲ್ಲಿ ಆ ಸೈನಿಕರು ಪಂಜಾಬಿನ ಬಿಯಾಸ್ ನದಿಯ ದಡದಲ್ಲಿ ಕೂತು, ‘ನಮಗೆ ಸಾಕಾಯ್ತು, ಇನ್ನೊಂದು ಹೊಳೆ ದಾಟೋದಿಲ್ಲ, ಮನೆಗೆ ಹೋಗ್ತೇವೆ’ ಅಂತ ಹಟ ಹಿಡಿದಿದ್ದರು. ಅಂಥವರು ಎರಡು ಸಾವಿರ ಕಿಲೋಮೀಟರಿಗೂ ಜಾಸ್ತಿ ನಡೆದು, ನರ್ಮದೆ, ಕೃಷ್ಣೆ, ತುಂಗಭದ್ರೆ ಎಲ್ಲ ದಾಟಿ, ಜಿಗಣೆ ಕಚ್ಚಿಸಿಕೊಂಡು ಭಾಗಮಂಡಲದ ಮಳೆಗೆ ಬಂದು ಸೆಟ್ಲ್ ಆದರಂತೆ. ಮನೆ ನೆನಪಾಗಿ ಯುದ್ಧ ಬಿಟ್ಟವರು ಮನೆಯ ದಿಕ್ಕನ್ನೇ ಬಿಟ್ಟು ಬಂದದ್ದು ಯಾಕೆ ಅಂತ ವೈವಾದಲ್ಲಿ ಒಬ್ಬರಾದರೂ ಕೇಳಬಹುದಿತ್ತು, ಅಲ್ವಾ?

ಕೊಡಗಿಗೆ ಇನ್ನೊಂದು ವರ ಇದೆ, ಅದು ಹವೆ. ಬಯಲುಸೀಮೆಯಲ್ಲಿ ಏಪ್ರಿಲ್ ತಿಂಗಳಲ್ಲಿ ವಿಚಾರ ಸಂಕಿರಣ ಇಟ್ಟರೆ ಕುರ್ಚಿಗಳು ಖಾಲಿ. ಅದನ್ನೇ ಮಡಿಕೇರಿಯಲ್ಲಿ ಇಡಿ, ಬೀದರಿನಿಂದಲೂ ಪ್ರಬಂಧ ಬರುತ್ತದೆ, ಸಂಸಾರ ಸಮೇತ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2016ರ ನಿಯಮದ ಪ್ರಕಾರ ಥೀಸಿಸ್ ಕೊಡುವ ಮೊದಲು ಪತ್ರಿಕೆಯಲ್ಲಿ ಒಂದು ಲೇಖನ, ಸಂಕಿರಣಗಳಲ್ಲಿ ಎರಡು ಮಂಡನೆ ಆಗಲೇಬೇಕಿತ್ತು. 2022ರ ಹೊಸ ನಿಯಮದಲ್ಲಿ ಆ ಕಡ್ಡಾಯ ಹೋಯಿತು. ಹಾಗಂತ ಶಾಮಿಯಾನದವರ ಹೊಟ್ಟೆಗೆ ಕಲ್ಲು ಬೀಳಲಿಲ್ಲ. ಮೇಷ್ಟ್ರುಗಳ ಬಡ್ತಿಗೆ ಅಂಕ ಬೇಕಲ್ಲ.

ಸಂಕಿರಣದ ವಿಷಯವನ್ನು ಯಾರೂ ಹೊರಗೆ ಉಳಿಯದ ಹಾಗೆ ಇಡಬೇಕು. ‘ಭಾಷೆ, ಸಾಹಿತ್ಯ, ವಾಣಿಜ್ಯ, ವಿಜ್ಞಾನ, ಗ್ರಂಥಾಲಯ ಮತ್ತು ದೈಹಿಕ ಶಿಕ್ಷಣದಲ್ಲಿ ಇತ್ತೀಚಿನ ಪ್ರವೃತ್ತಿಗಳು’ ಅಂದರೆ ಎಲ್ಲರೂ ಒಳಗೆ ಬಂದ ಹಾಗೆ. ಸಂಘಟಕರಲ್ಲಿ ಯಾರದಾದರೂ ಅಳಿಯ ದುಬೈಯಿಂದ ಜೂಮ್‌ನಲ್ಲಿ ಶುಭ ಕೋರಿದರೆ ಅದು ಅಂತರರಾಷ್ಟ್ರೀಯ. ಹತ್ತು ಗಂಟೆಗೆ ಶುರು ಅಂತ ಕಾರ್ಡಿನಲ್ಲಿ ಇರುತ್ತದೆ, ಮುಖ್ಯ ಅತಿಥಿಗಳು ಸಂಪಾಜೆ ಘಾಟಿಯಲ್ಲಿ ಇರುತ್ತಾರೆ. ಅವರು ಬಂದು, ನಾಡಗೀತೆಯಾಗಿ, ದೀಪ ಹಚ್ಚಿ, ಗಿಡಕ್ಕೆ ನೀರು ಹಾಕಿ, ಹಾರ ಹಾಕಿಸಿಕೊಂಡವರೆಲ್ಲ ಎರಡೆರಡು ಮಾತಾಡುವ ಹೊತ್ತಿಗೆ ಊಟದ ವಾಸನೆ ಬಂದಿರುತ್ತದೆ. ನಿಜವಾದ ವಿದ್ವತ್ತು ಊಟದ ಮೇಲೆ, ತಲೆಗೆ ಐದು ನಿಮಿಷ. ವಚನಗಳಲ್ಲಿ ಕಾಯಕ ಮುಗಿಯಿತು ಅಂದರೆ ನ್ಯಾನೋ ಕಣಗಳು. ನ್ಯಾನೋ ಕಣದ ಬಾಲ ಹಿಡಿದು ಜಿಎಸ್‌ಟಿ. ಅದರ ಬೆನ್ನಿಗೇ ಕಬಡ್ಡಿ ಆಟಗಾರರ ತೊಡೆಯ ಬಲ. ಅಧ್ಯಕ್ಷತೆ ವಹಿಸಿದವರು ಹಳಗನ್ನಡದವರು. ನಾಲ್ಕನ್ನೂ ಒಂದೇ ಉಸಿರಿನಲ್ಲಿ ‘ಮೌಲಿಕ ಪ್ರಬಂಧಗಳು’ ಅಂದುಬಿಡುತ್ತಾರೆ. ಮೂರು ಗಂಟೆಗೆ ಸಭಾಂಗಣದಲ್ಲಿ ಉಳಿದವರು ಮೂವರು: ಅಧ್ಯಕ್ಷರು, ಕೊನೆಯ ಪ್ರಬಂಧದವಳು, ಮೈಕಿನ ಹುಡುಗ. ಉಳಿದವರೆಲ್ಲ ಅಬ್ಬಿ ಫಾಲ್ಸ್‌ನಲ್ಲಿ ಇತ್ತೀಚಿನ ಪ್ರವೃತ್ತಿಗಳನ್ನು ನೋಡುತ್ತಿರುತ್ತಾರೆ. ಎರಡನೇ ದಿನ ಕ್ಷೇತ್ರಕಾರ್ಯ, ಅಂದರೆ ಮಾಂದಲಪಟ್ಟಿಗೆ ಜೀಪು.

ಆ ಹುಡುಗಿಯ ಪ್ರಬಂಧ ಮುಂದೆ ಅಚ್ಚಾಗುವಾಗ ಅವಳ ಹೆಸರು ಮೂರನೆಯದು. ಮೊದಲು ಗೈಡು, ಆಮೇಲೆ ವಿಭಾಗದ ಮುಖ್ಯಸ್ಥರು. 1975ರಲ್ಲಿ ಅಮೆರಿಕದ ಜಾಕ್ ಹೆದರಿಂಗ್ಟನ್ ಎಂಬ ಭೌತವಿಜ್ಞಾನಿ ಒಬ್ಬರೇ ಬರೆದ ಲೇಖನದ ತುಂಬ ‘ನಾವು’ ಅಂತ ಬರೆದುಬಿಟ್ಟಿದ್ದರು. ಒಬ್ಬನೇ ಲೇಖಕನಾದರೆ ಪತ್ರಿಕೆಯವರು ಹಾಗೆ ಒಪ್ಪುವುದಿಲ್ಲ ಅಂತ ಸ್ನೇಹಿತರು ಹೇಳಿದರು. ಟೈಪ್‌ರೈಟರ್ ಕಾಲ, ಎಲ್ಲ ಮತ್ತೆ ಟೈಪ್ ಮಾಡಲು ಬೇಜಾರು. ಮನೆಯ ಬೆಕ್ಕನ್ನೇ ಎಫ್.ಡಿ.ಸಿ. ವಿಲ್ಲಾರ್ಡ್ ಅನ್ನುವ ಹೆಸರಿನಲ್ಲಿ ಸಹಲೇಖಕ ಮಾಡಿದರು. ಫಿಸಿಕಲ್ ರಿವ್ಯೂ ಲೆಟರ್ಸ್‌ನಲ್ಲಿ ಅದು ಹಾಗೇ ಅಚ್ಚಾಯಿತು. 2015ರಲ್ಲಿ ಅದೇ ಪತ್ರಿಕೆಯಲ್ಲಿ ಹಿಗ್ಸ್ ಬೋಸಾನ್ ಅನ್ನುವ ಕಣದ ಮೇಲಿನ ಲೇಖನಕ್ಕೆ 5,154 ಲೇಖಕರು. ಒಟ್ಟು 33 ಪುಟದಲ್ಲಿ ವಿಷಯ 9 ಪುಟ, ಉಳಿದ 24 ಪುಟ ಹೆಸರಿನ ಪಟ್ಟಿಗೆ ಹೋಯಿತು. ಕಣಗಳನ್ನು ಡಿಕ್ಕಿ ಹೊಡೆಸುವ ಅಷ್ಟು ದೊಡ್ಡ ಯಂತ್ರ ನಡೆಸಲು ಅಷ್ಟು ಜನ ದುಡಿದಿದ್ದರು ಅನ್ನೋಣ. ಬೆಕ್ಕೂ ಪರವಾಗಿಲ್ಲ, ಬರೆಯುವವರ ಮನೆಯಲ್ಲಾದರೂ ಇತ್ತು.

ಕದಿಯುವುದಕ್ಕೂ ಈಗ ಅಳತೆ ಬಂದಿದೆ. ಯುಜಿಸಿಯ 2018ರ ನಿಯಮದ ಪ್ರಕಾರ ಬೇರೆಯವರ ಬರಹದ ಜೊತೆ ಹೋಲಿಕೆ ಶೇ. 10ರ ಒಳಗಿದ್ದರೆ ದಂಡ ಇಲ್ಲ. 40ರವರೆಗೆ ತಿದ್ದಿ ತರಬೇಕು. 60 ದಾಟಿದರೆ ಮಾತ್ರ ರಿಜಿಸ್ಟ್ರೇಷನ್ ರದ್ದು. ಯುನಿವರ್ಸಿಟಿ ಗೇಟಿನ ಎದುರು ಜೆರಾಕ್ಸ್, ಬೈಂಡಿಂಗ್ ಬೋರ್ಡಿನ ಕೆಳಗೆ ‘ಇಲ್ಲಿ ಪರ್ಸೆಂಟ್ ಇಳಿಸಿಕೊಡಲಾಗುವುದು’ ಅಂತ ಒಂದು ಸಾಲು ಸೇರಿದರೆ ಯಾರಿಗೂ ಆಶ್ಚರ್ಯ ಆಗಲಿಕ್ಕಿಲ್ಲ.

ಕೊಡಗಿನಲ್ಲಿ ಒಳ್ಳೆಯ ಸಂಶೋಧನೆ ಆಗಿಲ್ಲ ಅಂತಲ್ಲ. ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕಾದ ಮೊದಲ ಸಂಪುಟವನ್ನು 1886ರಲ್ಲಿ ತಂದದ್ದು ಕೊಡಗಿನ ಶಾಸನಗಳಿಂದಲೇ. ಎಂ.ಎನ್. ಶ್ರೀನಿವಾಸ್ ಕೊಡವರ ಬಗ್ಗೆ ಬರೆದು 1952ರಲ್ಲಿ ಪ್ರಕಟಿಸಿದ್ದನ್ನು ಇವತ್ತಿಗೂ ಸಮಾಜಶಾಸ್ತ್ರದ ಮಕ್ಕಳು ಓದುತ್ತಾರೆ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದವರಿಗೆ ಬೆಳೆಗಾರರು ಬಯ್ಯುತ್ತಾರೆ ನಿಜ, ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕ ಇನ್ನೂ ಬೀಳುತ್ತಿದೆ. ಆದರೆ ಅದರ ದುಂಬಿ ಏಪ್ರಿಲ್–ಮೇನಲ್ಲಿ ಒಮ್ಮೆ, ಅಕ್ಟೋಬರ್ ನಂತರ ಇನ್ನೊಮ್ಮೆ ಹಾರುತ್ತದೆ, ಅದಕ್ಕೂ ಮೊದಲೇ ಹುಳ ಹಿಡಿದ ಗಿಡ ಕಿತ್ತು ಸುಡಬೇಕು ಅಂತ ನಮಗೆ ಗೊತ್ತಿರುವುದು ಯಾರೋ ಪುಣ್ಯಾತ್ಮರು ಹುಳದ ಹಿಂದೆ ಬಿದ್ದದ್ದರಿಂದ. ಅದಕ್ಕೆ ದೀಪ ಹಚ್ಚಿರಲಿಕ್ಕಿಲ್ಲ.

2018ರ ಆಗಸ್ಟಿನಲ್ಲಿ ಗುಡ್ಡಗಳು ಜಾರಿದ ಮೇಲೆ ತಂಡದ ಮೇಲೆ ತಂಡ ಬಂತು. ವಿಪರೀತ ಮಳೆಯ ಜೊತೆಗೆ, ರಸ್ತೆಗೂ ಮನೆಗೂ ಇಳಿಜಾರು ಕಡಿದದ್ದೂ ಕಾರಣ ಅಂತ ಭೂವಿಜ್ಞಾನಿಗಳು ಹೇಳಿದರು. ಆ ವರದಿಯನ್ನು ಓದಬೇಕಾದವರು ಜೆಸಿಬಿಯಲ್ಲಿ ಕೂತಿದ್ದರು, ಸದ್ದಿಗೆ ಕೇಳಿಸಿರಲಿಕ್ಕಿಲ್ಲ.

ಮಾವನ ಮನೆಯ ಕಪಾಟಿನಲ್ಲಿ ಅವರ ಅಪ್ಪನ ಕಾಲದಿಂದ ಬರೆದ ಮಳೆ ಡೈರಿಗಳಿವೆ. ದಿನಾ ಬೆಳಗ್ಗೆ ಮಳೆಮಾಪಕ ನೋಡಿ ಇಂಚು, ಸೆಂಟಿನ ಲೆಕ್ಕದಲ್ಲಿ ಬರೆದದ್ದು. ಕಾಫಿ ಹೂ ಅರಳಿಸುವ ಹೂಮಳೆ ಯಾವ ತಾರೀಕು ಬಂತು, ಆಮೇಲೆ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆ ಎಷ್ಟು ತಡವಾಯಿತು, ಎಲ್ಲ ಇದೆ. ಕೊಡಗಿನ ಎಷ್ಟೋ ತೋಟದ ಮನೆಗಳಲ್ಲಿ ಇಂಥ ಡೈರಿ ಇವೆ. ಮೊನ್ನೆ ಬಂದ ಪ್ರಶ್ನಾವಳಿಯಲ್ಲಿ ‘ಹವಾಮಾನ ಬದಲಾವಣೆಯ ಬಗ್ಗೆ ತಮಗೆ ಅರಿವಿದೆಯೇ? ಹೌದು / ಇಲ್ಲ’ ಅಂತ ಇತ್ತು. ಮಾವ ಡೈರಿ ತರಲು ಒಳಗೆ ಹೋದರು. ಕಟ್ಟು ಬಿಚ್ಚಿ ಹೊರಗೆ ಬರುವಷ್ಟರಲ್ಲಿ ಬಂದವರು ಹೊರಟೇಹೋಗಿದ್ದರು, ಇನ್ನೂ ಏಳು ಮನೆ ಬಾಕಿ ಇತ್ತಂತೆ. ಬೆಳೆಗಾರರಲ್ಲಿ ಅರಿವಿನ ಕೊರತೆ ಕಂಡುಬಂದಿದೆ ಅಂತ ಆ ಥೀಸಿಸ್ ಬರುವುದು ಗ್ಯಾರಂಟಿ.

ಅಂದಿನಿಂದ ಮಾವನೂ ಒಂದು ಪ್ರಶ್ನಾವಳಿ ಮಾಡಿದ್ದಾರೆ. ಗೇಟಿಗೆ ಬಂದವರು ಮೊದಲು ಅದನ್ನು ತುಂಬಬೇಕು. ನಿಮ್ಮ ಗೈಡು ಈ ಜಿಲ್ಲೆಗೆ ಬಂದಿದ್ದಾರೆಯೇ, ರಾಜಾಸೀಟು ಬಿಟ್ಟು? ಹೋದ ವರ್ಷ ಇದೇ ಪ್ರಶ್ನೆ ಕೇಳಿದವರ ಪುಸ್ತಕ ಎಲ್ಲಿದೆ? ನಿಮ್ಮ ಉತ್ತರ ಮೊದಲೇ ಬರೆದಾಗಿದೆಯೇ? ಆಗಿದ್ದರೆ ನಮ್ಮನ್ನು ಯಾಕೆ ಕೇಳುತ್ತೀರಿ? ಹೆಚ್ಚಿನವರು ಇವಕ್ಕೆಲ್ಲ ‘ತಟಸ್ಥ’ ಅಂತ ಟಿಕ್ ಹಾಕುತ್ತಾರಂತೆ. ಕೊನೆಯ ಪ್ರಶ್ನೆ ಅತ್ತೆ ಸೇರಿಸಿದ್ದು: ‘ಕಡುಬು, ಪಂದಿ ಕರಿ ಇದೆ, ಊಟ ಮಾಡಿಕೊಂಡು ಹೋಗುತ್ತೀರಾ?’ ಅದಕ್ಕೆ ಮಾತ್ರ ಎಲ್ಲ ವಿಭಾಗದವರೂ ಸಂಪೂರ್ಣವಾಗಿ ಒಪ್ಪುತ್ತಾರೆ.